ಶಬ್ನಾ ಹೇಳಿದ ಅರ್ಥ

ಮೂಡುಬಿದಿರೆ
೧೮-೯-೨೦೦೬, ಸೋಮವಾರ

ಪ್ರೀತಿಯ ಶಬ್ನಾ,

ನೀನು ಫೋನ್ ಎತ್ತುವುದಿಲ್ಲ. ನಿನ್ನೆ ಬಂಟ್ವಾಳಕ್ಕೆ ಬಂದು ನಿನ್ನ ಅಪ್ಪನ ಅಂಗಡಿಗೆ ಹೋದೆ. ಕುರ್ಚಿ ಕೊಟ್ಟರು, ಚಾ ತರಿಸಿದರು, ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು ಮಾರಾಯ್ತಿ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಒಮ್ಮೆ ಓದಿ ಹರಿ.

ಹದಿನಾರು ದಿನ ಕಳೆದರೂ ಆ ಶನಿವಾರ ನನ್ನ ತಲೆಯಿಂದ ಹೋಗಿಲ್ಲ. ಕಾಲೇಜಿನ ಚಿತ್ರಸಂಘಕ್ಕೆ ಆ ಸಿನಿಮಾ ಆರಿಸಿದವಳು ನಾನು. ಯಾವುದೋ ದೂರದ ದೇಶದ ಬೇಕರಿ ಕೆಲಸದವನೊಬ್ಬ ಮೈಗೆ ಬಾಂಬು ಕಟ್ಟಿಕೊಂಡು ಬಸ್ಸು ಹತ್ತುವ ಕಥೆ. ಮಾತೆಲ್ಲ ಅರಬಿ, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ. ನಮ್ಮ ಕ್ಲಾಸಿನ ಮಕ್ಕಳು ಎರಡು ಪದ ಓದುವಷ್ಟರಲ್ಲಿ ಸಾಲು ಮಾಯ. ನೀನು ಮೈಕ್ ಹಿಡಿದು ಜೊತೆಜೊತೆಗೇ ಕನ್ನಡದಲ್ಲಿ ಹೇಳುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಮದರಸದಲ್ಲಿ ಕಲಿತ ಅರಬಿ ಓದಲಿಕ್ಕೆ ಮಾತ್ರ, ಮಾತಾಡಿದರೆ ತಲೆಬುಡ ತಿಳಿಯುವುದಿಲ್ಲ ಎಂದು ನೀನು ನಕ್ಕಿದ್ದೆ. ಇಂಗ್ಲಿಷ್ ಓದಿಯೇ ನೀನು ಹೇಳಿದ್ದು. ಈಗ ಪೇಟೆಯಲ್ಲೆಲ್ಲ ನೀನು ಅರಬಿಯಿಂದಲೇ ನೇರ ಹೇಳಿದ್ದೀ ಎಂದು ಸುದ್ದಿ.

ಅಭ್ಯಾಸ ಮಾಡುವಾಗ ನೀನು ‘ಅವನು ಹೀಗೆ ಹೇಳುತ್ತಾನೆ, ತಾಯಿ ಹೀಗೆ ಕೇಳುತ್ತಾಳೆ’ ಎಂದು ಶುರು ಮಾಡಿದ್ದೆ. ರೇಡಿಯೋ ವಾರ್ತೆಯ ಹಾಗಿತ್ತು. ಆಮೇಲೆ ಅದನ್ನು ಬಿಟ್ಟು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ವೇಷ ಕಟ್ಟದೆ ಕೂತಲ್ಲೇ ಪಾತ್ರವಾಗಿ ‘ನಾನು’ ಎಂದು ಮಾತಾಡುವುದಿಲ್ಲವೇ, ಹಾಗೆ ಹೇಳುವುದೆಂದು ಆಯಿತು.

ಎಷ್ಟು ಚಂದ ಹೇಳಿದೆ ನೀನು. ಅವನು ಬಾಂಬಿನ ಪಟ್ಟಿ ಬಿಗಿಸಿಕೊಂಡು, ಮೇಲೆ ಅಂಗಿ ಹಾಕಿಕೊಂಡು, ತಾಯಿಯ ಕೈಯಿಂದ ರೊಟ್ಟಿಯ ಗಂಟು ತೆಗೆದುಕೊಳ್ಳುವಾಗ ಇಂಗ್ಲಿಷಿನಲ್ಲಿ ಹೋಗುತ್ತೇನೆ ಎಂದಿತ್ತು. ನಮ್ಮಲ್ಲಿ ಮನೆಯಿಂದ ಹೊರಡುವವರು ಹಾಗೆ ಹೇಳಲಿಕ್ಕಿಲ್ಲವಲ್ಲ. ನಿನ್ನ ಬಾಯಲ್ಲಿ ತಾನಾಗಿ ‘ಅಮ್ಮ, ಬರ್ತೇನೆ’ ಎಂದು ಬಂತು. ಕೊನೆಗೆ ಬಸ್ಸಿನೊಳಗೆ ಪರದೆ ಬೆಳ್ಳಗಾಯಿತು, ಸದ್ದೇ ಇಲ್ಲ.

ದೀಪ ಹಾಕಿದರೂ ಮುನ್ನೂರು ಜನ ಎದ್ದಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದ, ಯಾವುದಕ್ಕೆಂದು ದೇವರಿಗೇ ಗೊತ್ತು. ಪಕ್ಕದವ ಅವನ ಕಾಲರ್ ಹಿಡಿದ. ಬಾಗಲಕೋಟೆಯ ಹಾಸ್ಟೆಲ್ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸಿನಲ್ಲಿ ಕೂತಿದ್ದವರ ಕಥೆ ಯಾಕೆ ಇಲ್ಲ ಎಂದು ಒಬ್ಬ ಕೇಳಿದ, ಅದು ನ್ಯಾಯದ ಪ್ರಶ್ನೆಯೇ. ನೀನೂ ತಲೆಯಾಡಿಸಿದೆ. ಆಗ ಎದ್ದರು ನೋಡು ಶಿರ್ತಾಡಿಯ ಸನತ್‌ಕುಮಾರ ಮಾಸ್ಟ್ರು, ಆಡಳಿತ ಮಂಡಳಿಯವರು. ನಯವಾಗಿಯೇ ಕೇಳಿದರು.

“ಇಷ್ಟು ಮನಸ್ಸು ಮುಟ್ಟುವ ಹಾಗೆ ಹೇಳ್ಬೇಕಾದ್ರೆ, ನಿಮ್ಮ ಒಳಗೂ ಅಂಥದ್ದು ಸ್ವಲ್ಪ ಉಂಟಾ ಅಮ್ಮ?”

ಇದೇ ಮಾಸ್ಟ್ರು ಹೋದ ತಿಂಗಳು ತಾಳಮದ್ದಳೆಯಲ್ಲಿ ದಾಯಾದಿಗಳಿಗೆ ಒಂದು ಹಿಡಿ ಮಣ್ಣೂ ಕೊಡೆನೆಂದು ಗುಡುಗಿದ್ದರು. ಮರುದಿನ ಯಾರಾದರೂ ಅವರ ಮನೆಗೆ ಹೋಗಿ, ಸ್ವಾಮೀ, ತಮ್ಮನ ಪಾಲು ಬಿಟ್ಟುಕೊಡಿ ಎಂದು ಕೇಳಿದರೇ? ಶಾಲು ಹೊದೆಸಿ ಕಳಿಸಿದರು. ಇದನ್ನು ನಾನು ಅಲ್ಲೇ ಎದ್ದು ಕೇಳಬೇಕಿತ್ತು. ನೀನು ಮೈಕ್ ಕೆಳಗಿಟ್ಟು ಅಷ್ಟು ಜನರ ನಡುವೆ ನನ್ನ ಮುಖ ಹುಡುಕಿದೆ. ನಾನು ಬಗ್ಗಿ ಪ್ರೊಜೆಕ್ಟರಿನ ವಯರ್ ಸುತ್ತುತ್ತಿದ್ದೆ. ಅದು ಅಟೆಂಡರ್ ರುಕ್ಮಯ್ಯನ ಕೆಲಸ, ನನ್ನದಲ್ಲ.

ಆಮೇಲಿನ ಮಂಗಳವಾರ ಪ್ರಿನ್ಸಿಪಾಲರು ನಮ್ಮನ್ನು ಒಬ್ಬೊಬ್ಬರನ್ನೇ ಕರೆದರಲ್ಲ, ‘ನಾನು’ ಎಂದು ಹೇಳುವ ಯೋಚನೆ ಯಾರದ್ದು ಎಂದು ಕೇಳಿದರು. ನೀನು ನನ್ನ ಹೆಸರು ಎತ್ತಲೇ ಇಲ್ಲವೆಂದು ರುಕ್ಮಯ್ಯ ಆಮೇಲೆ ಹೇಳಿದ. ಇವಳೇ ಹೇಳಲಿ ಎಂದು ಬಿಟ್ಟೆಯೇನೋ. ನಾನು ಏನು ಹೇಳಿದೆ ಗೊತ್ತುಂಟಾ? ಅಭ್ಯಾಸದಲ್ಲಿ ‘ಅವನು’ ಎಂದೇ ಇತ್ತು, ಆಮೇಲೆ ಹೇಗೆ ಬದಲಾಯಿತೋ ಗೊತ್ತಿಲ್ಲ ಎಂದೆ. ರೆಕಾರ್ಡ್ ಮಾಡಿದ್ದು ಉಂಟಾ ಎಂದು ಕೇಳಿದರು. ಟೇಪಿನ ಬ್ಯಾಟರಿ ಹೋಗಿತ್ತು. ನನ್ನ ಕೆಲಸ ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲೆಯೇ ಇತ್ತು, ನನ್ನ ಕಣ್ಣು ಅದರ ಮೇಲೆಯೇ ಇತ್ತು. ಮಧ್ಯಾಹ್ನ ನಿನಗೆ ನಾಳೆಯಿಂದ ಬರುವುದು ಬೇಡವೆಂದರು.

ಬದಲಾಯಿಸಿದವಳು ನಾನು, ಶಬ್ನಾ. ಮೇಲೆ ‘ಹಾಗೆ ಹೇಳುವುದೆಂದು ಆಯಿತು’ ಎಂದು ಬರೆದದ್ದನ್ನೂ ಹೊಡೆದುಹಾಕು. ತಾನಾಗಿ ಏನೂ ಆದದ್ದಲ್ಲ. ನಾನು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿ ಬೆಳೆದವಳು, ಅರ್ಥ ಹೇಳಿದವರು ಎದ್ದು ಚಾ ಕುಡಿದು ಮನೆಗೆ ಹೋಗುತ್ತಾರೆ ಎಂದೇ ತಿಳಿದಿದ್ದೆ. ನಿನ್ನನ್ನು ಹಾಗೆ ಮನೆಗೆ ಹೋಗಲು ಬಿಡಲಿಕ್ಕಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ನಾಚಿಕೆಯಾಗುತ್ತದೆ.

ಬುಧವಾರ ಉಜಿರೆಯ ಕಾಲೇಜಿನಲ್ಲಿ ನಿನ್ನ ಸಂದರ್ಶನ ಉಂಟೆಂದು ನಿನ್ನ ತಮ್ಮ ಝಕರಿಯಾ ಅಂಗಡಿಯ ಮೆಟ್ಟಿಲಲ್ಲಿ ಹೇಳಿದ. ಹೋಗುವುದಿಲ್ಲ ಎನ್ನುತ್ತೀಯಂತೆ. ನಮ್ಮ ಕಥೆ ಬಸ್ಸು ಹತ್ತಿ ಅಲ್ಲಿಗೂ ಮುಟ್ಟಿದೆ, ನೀನು ಎಂಥವಳೆಂದು ಅವರು ನಮ್ಮ ಪ್ರಿನ್ಸಿಪಾಲರಲ್ಲಿ ವಿಚಾರಿಸಿದ್ದಾರೆ. ದಮ್ಮಯ್ಯ, ಹೋಗು. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು.

ನಿನ್ನ ಬುತ್ತಿಯ ಉಪ್ಪಿನಕಾಯಿಗೆ ಕೇಳದೆ ಕೈ ಹಾಕುತ್ತಿದ್ದ,
ಸುಪ್ರೀತಾ

ಮರೆತ ವಿಷಯ: ಮರೆತದ್ದಲ್ಲ, ಹೆದರಿ ಕೊನೆಗಿಟ್ಟದ್ದು. ಬ್ಯಾಟರಿ ಹೋಗಿರಲಿಲ್ಲ. ಕ್ಯಾಸೆಟ್ ಇಷ್ಟು ದಿನ ನನ್ನ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿತ್ತು. ಅಭ್ಯಾಸದ್ದೂ ಅದರಲ್ಲೇ ಉಂಟು, ಶುರುವಿಗೇ ನನ್ನ ಧ್ವನಿ: “‘ಅವನು’ ಬೇಡ ಮಾರಾಯ್ತಿ, ‘ನಾನು’ ಅಂತಲೇ ಹೇಳು. ಯಾರು ತಪ್ಪು ತಿಳೀತಾರೆ?” ಇವತ್ತು ಬೆಳಿಗ್ಗೆ ಕ್ಯಾಸೆಟ್ಟನ್ನೂ ನನ್ನ ಸಹಿ ಇರುವ ಹೇಳಿಕೆಯನ್ನೂ ಪ್ರಿನ್ಸಿಪಾಲರ ಕೈಗೆ ಕೊಟ್ಟೆ. ಖಾಯಂ ಕಾಗದ ಈಗ ಮೇಜಿನ ಮೇಲಿಲ್ಲ. ಹೇಳಿಕೆಯ ಪ್ರತಿ ಈ ಕವರಿನಲ್ಲಿ ಉಂಟು, ಉಜಿರೆಗೆ ತೆಗೆದುಕೊಂಡು ಹೋಗು. ಅಂಚೆಗೆ ಹಾಕಿದರೆ ಬುಧವಾರಕ್ಕೆ ಸಿಗಲಿಕ್ಕಿಲ್ಲವೆಂದು ಬಂಟ್ವಾಳದ ಬಸ್ಸಿನ ಕಂಡಕ್ಟರ್ ತುಕ್ರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಸಂಜೆ ಆ ಕ್ಯಾಸೆಟ್ ಹಾಕಿ ಕೇಳುವಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಸಿನಿಮಾದ ರಾದ್ಧಾಂತ ಅವರಿಗೆ ಏನೂ ತಿಳಿಯದು. ಯಾವ ಪ್ರಸಂಗ, ಯಾರ ಅರ್ಥ ಎಂದು ಕೇಳಿದರು. ನಾನು ಟೇಪಿನ ಧ್ವನಿ ಸ್ವಲ್ಪ ಜೋರು ಮಾಡಿದೆ. ಕೊನೆಯವರೆಗೂ ನಿಂತೇ ಕೇಳಿದರು. ನೀನು ‘ಅಮ್ಮ, ಬರ್ತೇನೆ’ ಎಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರು, “ಅಯ್ಯೋ, ಆ ಹುಡುಗನನ್ನು ಒಬ್ಬರಾದ್ರೂ ಕೈ ಹಿಡಿದು ನಿಲ್ಲಿಸ್ಲಿಲ್ವಾ?”