ಅಣ್ಣನ ಮೂಲೆ

ಮಾರ್ಚ್ ೧೪, ಗುರುವಾರ

ಬೆಳಿಗ್ಗೆ ಬಸ್ ನಿಲ್ದಾಣದ ಗೋಡೆಯಲ್ಲಿ ಶನಿವಾರದ ಬಾಕ್ಸಿಂಗ್ ಪಂದ್ಯದ ಪೋಸ್ಟರ್ ಕಂಡೆ. ಆಯೋಜಕರು ಬೆಳೆಸುತ್ತಿರುವ ಬಾಕ್ಸರ್ ಹುಡುಗನ ಮುಖ ಬಾಗಿಲಷ್ಟು ದೊಡ್ಡದು. ಅಣ್ಣನ ಹೆಸರಿರಬೇಕಾದ ಕಡೆ 'ಎದುರಾಳಿ' ಎಂದಷ್ಟೇ ಇದೆ. ಹೇಳಿದರೆ ಅಣ್ಣ ನಕ್ಕ. "ಸಾಹಿತ್ಯ ಓದಿದವಳು ನೀನು. ಕಾಗುಣಿತ ಸರಿಯಾಗಿದೆ ತಾನೆ?"

ಇಷ್ಟು ವರ್ಷವೂ ಹೀಗೇ. ಯಾರಿಗೋ ಎದುರಾಳಿ ಬೇಕಾದಾಗ ಫೋನ್ ಬರುತ್ತದೆ, ಗೋದಾಮಿನ ಪಾಳಿ ಬದಲಿಸಿಕೊಂಡು ಹೋಗುತ್ತಾನೆ. ತರಬೇತುದಾರನಿಲ್ಲ. ಆದರೂ ಅವನ ಆಟ ನೋಡಬೇಕು. ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ದಾಟುವವನಂತೆ ಹೊಡೆತಗಳಿಂದ ನುಸುಳಿಕೊಳ್ಳುತ್ತಾನೆ, ಅವಸರವೇ ಇಲ್ಲ.

ಹೋದ ಸಲ ಗೆಲ್ಲುತ್ತಿದ್ದ. ಹುಬ್ಬು ಒಡೆಯಿತು. ರಿಂಗಿನ ಮೂಲೆಯಲ್ಲಿ ಗಾಯ ಒತ್ತಿ ರಕ್ತ ನಿಲ್ಲಿಸಬೇಕಾದವನು ಆಯೋಜಕರು ಕೊಟ್ಟ ಎರವಲು ಮನುಷ್ಯ. ಅವನು ಆ ಕಡೆಯ ಹುಡುಗನನ್ನೇ ನೋಡುತ್ತ ನಿಂತಿದ್ದ. ರಕ್ತ ನಿಲ್ಲದೆ ರೆಫರಿ ಪಂದ್ಯ ನಿಲ್ಲಿಸಿದರು. ಅಣ್ಣ ಸೋತನೆಂದಾಯಿತು.

"ಈ ಸಲ ಮೂಲೆಗೆ ಯಾರು?" ಊಟಕ್ಕೆ ಕೂತಾಗ ಕೇಳಿದೆ.

"ಯಾರನ್ನೋ ಕೊಡ್ತಾರೆ ಬಿಡೇ."

"ಇವಳನ್ನೇ ಕರ್ಕೊಂಡು ಹೋಗೋ," ಅಂದಳು ಅಮ್ಮ. "ಹೇಗೂ ಮನೇಲಿ ಮೂಲೆ ಬಿಟ್ಟು ಏಳಲ್ಲ."

ಇಬ್ಬರೂ ನಕ್ಕರು. ನನಗೂ ನಗು ಬಂತು.

ಆ ಹುಬ್ಬಿನ ಗಾಯ ಇನ್ನೂ ಪೂರ್ತಿ ಮಾಗಿಲ್ಲ, ಮತ್ತೆ ಒಡೆಯಬಹುದು. ಅಷ್ಟು ಜನರ ಮುಂದೆ ನಿಲ್ಲುವುದನ್ನು ನೆನೆದರೇ ನನಗೆ ಬಾಯಿ ಒಣಗುತ್ತದೆ. ಆದರೆ ಗಾಯ ಒತ್ತಿ ಹಿಡಿಯುವುದಕ್ಕೆ ಮಾತು ಬೇಕಿಲ್ಲ. ಹೇಗೆ ಒತ್ತುವುದೆಂದು ನಾಳೆ ಅಣ್ಣನಿಂದಲೇ ಕಲಿಯುತ್ತೇನೆ. ಶನಿವಾರ ಅವನ ಮೂಲೆಯಲ್ಲಿ ನಾನಿರುತ್ತೇನೆ.