ನೀರಿನೊಳಗಿನ ಮನೆಯ ಪಂಚನಾಮೆ

ಬೀಳಗಿ,
೧೪ ನವೆಂಬರ್ ೨೦೨೪

ಪ್ರೀತಿಯ ಅವ್ವಾ,

ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ನಿನಗೆ ನಿದ್ದೆ ಹತ್ತುತ್ತಿದೆಯೇ? ತಂಗಿ ಸ್ನೇಹಾಳ ಸೊಂಟನೋವು ಇಳಿಯಿತೇ, ಕೂಸು ಹಾಲು ಕುಡಿಯುತ್ತಿದೆಯೇ? ಬಾಣಂತನದ ಭರದಲ್ಲಿ ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧ ನೀನೇ ಊಹಿಸಿಕೊಂಡು ಅಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಸ್ನೇಹಾ ನಿಧಾನವಾಗಿ ಓದಿ ಹೇಳಲಿ. ನಿನ್ನೆ ತೀರ್ಪು ಬಂತು. ಜಾಗ ನಮ್ಮದೇ ಎಂದಾಯಿತು.

ಊರು ಹಿನ್ನೀರಿಗೆ ಹೋದಾಗ ಸರಕಾರ ಅಪ್ಪನಿಗೆ ಪುನರ್ವಸತಿ ಕೇಂದ್ರದಲ್ಲಿ ಕೊಟ್ಟ ಜಾಗವದು. ಅಪ್ಪ ತೀರಿಕೊಂಡ ವರ್ಷವೇ ನಮ್ಮ ಹಳೆಯ ನೆರೆಮನೆಯ ಬಸಗೊಂಡಪ್ಪ ಕಾಕಾ ಅದಕ್ಕೆ ತಂತಿಬೇಲಿ ಹಾಕಿಬಿಟ್ಟರು. ‘ಕಾಶಪ್ಪ ನಮ್ಮ ಮನ್ಯಾಗ ಬಾಡಿಗಿ ಇದ್ದಾವ. ಸುಳ್ಳ ಹೇಳಿ ಹಕ್ಕುಪತ್ರ ಬರಿಸ್ಕೊಂಡಾನ’ ಎಂದು ಕೋರ್ಟಿನಲ್ಲೂ ಹೇಳಿಸಿದರು. ಜಾಗ ಹೋದದ್ದಕ್ಕಿಂತ ಅಪ್ಪನನ್ನು ಸುಳ್ಳ ಎಂದದ್ದೇ ನಿನಗೆ ಹೆಚ್ಚು ಚುಚ್ಚಿತು. ‘ಮನೀನ ನೀರಾಗ ಹೋಗೇತಿ, ಯಾರಿಗಿ ಏನ ತೋರಸೂಣು ಯವ್ವಾ’ ಎಂದು ನೀನು ಎರಡು ದಿನ ಉಣ್ಣದೆ ಕೂತಿದ್ದೆ.

ತೋರಿಸುವುದಿತ್ತು, ಅವ್ವಾ. ಮುಳುಗಡೆಗೆ ಮೊದಲು ಅಧಿಕಾರಿಗಳು ಮನೆಮನೆಗೆ ಬಂದು ಅಳತೆ ಮಾಡಿ ಪಂಚನಾಮೆ ಬರೆದಿದ್ದರಲ್ಲ, ಅದರ ಝೆರಾಕ್ಸನ್ನು ಕಲ್ಮೇಶಣ್ಣ ಹೇಗೋ ಹುಡುಕಿ ತಂದ. ಆದರೆ ಎದುರಿನ ವಕೀಲರು ಎದ್ದು ನಿಂತು, ಝೆರಾಕ್ಸನ್ನು ಯಾರು ಬೇಕಾದರೂ ಮಾಡಿಸಬಹುದು ಎಂದು ತಕರಾರು ತೆಗೆದರು. ನಮ್ಮ ವಕೀಲರು ಗಂಗಾಂಬಿಕಾ ಮೇಡಂ ಹೆದರಲಿಲ್ಲ. ‘ಪೂನಮ್, ಕಚೇರಿಯೊಳಗ ಅರ್ಜಿ ಕೊಟ್ಟು ಸಹಿ ಶಿಕ್ಕಾ ಇದ್ದ ನಕಲು ತಗೊಂಬಾ. ಸರಕಾರದ ದಾಖಲಿ ಹಂಗ ಬಂತಂದರ ಕೋರ್ಟು ಪುರಾವೆ ಅಂತ ತಗೋತೈತಿ’ ಎಂದರು. ನಾನು ಭೂಸ್ವಾಧೀನ ಕಚೇರಿಗೆ ಅಲೆದು ತಂದುಕೊಟ್ಟೆ. ಮೂಲ ಕಡತ ಹಿಡಿದುಕೊಂಡು ಅಲ್ಲಿಯ ಅಧಿಕಾರಿಯೇ ಸಾಕ್ಷಿಗೆ ಬಂದರು.

ಅವರು ಅದನ್ನು ಓದುವಾಗ ನೀನು ಇರಬೇಕಿತ್ತು. ಮನೆಯ ಮಾಲೀಕ ಕಾಶಪ್ಪ. ಕಲ್ಲುಮಣ್ಣಿನ ಗೋಡೆ, ಪಡಸಾಲೆ, ದನದ ಕೊಟ್ಟಿಗೆ, ಬಾಗಿಲ ಮುಂದೆ ಬೇವಿನ ಗಿಡ, ಹಿತ್ತಲಲ್ಲಿ ನುಗ್ಗೆ ಗಿಡ. ಆ ನುಗ್ಗೆ ಗಿಡ ನನಗೆ ಮರೆತೇ ಹೋಗಿತ್ತು. ಕಣ್ಣು ತುಂಬಿ ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಗೆ ಅಳತೆಗೆ ಸಾಕ್ಷಿ ನಿಂತ ಪಂಚರ ಸಹಿಗಳು ಬಂದವು. ಎರಡನೆಯದು ಬಸಗೊಂಡಪ್ಪ ಕಾಕಾರದೇ! ಕಾಕಾ ಕಟಕಟೆಗೆ ಬಂದಾಗ ಮೇಡಂ ಅದನ್ನು ಅವರ ಮುಂದೆ ಹಿಡಿದರು. ಕಾಕಾ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

‘ಸಹಿ ನಂದ ಐತ್ರಿ. ಆಗ ಖರೇನ ಹೇಳಿದ್ದೆ’ ಎಂದರು.

ನಿನ್ನೆ ತೀರ್ಪು ಕೇಳಿ ಹೊರಗೆ ಬಂದಾಗ ಅವರಾಗಿಯೇ ಹತ್ತಿರ ಬಂದು, ‘ನಿಮ್ಮವ್ವಗ ಹೇಳು, ಬೇಲಿ ನಾನ ಕೀಳತೇನಿ’ ಎಂದರು. ಬಯ್ಯಬೇಕೆಂದು ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳಿದ್ದವು, ಒಂದೂ ಬರಲಿಲ್ಲ. ‘ಹೇಳತೇನ್ರಿ ಕಾಕಾ’ ಎಂದೆ, ಅಷ್ಟೇ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಒಂದು ಕಡೆಯ ಕಂಬಗಳನ್ನು ಆಗಲೇ ಕಿತ್ತಿದ್ದಾರೆ.

ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ಸ್ನೇಹಾಳ ಅತ್ತೆಯವರಿಗೆ ಶರಣು ಹೇಳು.

ನಿನ್ನ ಮಗಳು,
ಪೂನಮ್

ತಾ.ಕ.: ಖಾತೆ ಯಾರ ಹೆಸರಿಗೆ ಎಂದು ಮೇಡಂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಲ್ಮೇಶಣ್ಣ ‘ಅವ್ವನ ಹೆಸರಿಗೆ ಆಗಲ್ರಿ’ ಎಂದ. ಇಷ್ಟು ವರ್ಷ ಯಾವ ಕಾಗದದಲ್ಲೂ ನೀನು ‘ಕಾಶಪ್ಪನ ಹೆಂಡತಿ’ಯೇ. ಇದರಲ್ಲಿ ಮಾಲೀಕರು ಎಂಬಲ್ಲಿ ಬೋರವ್ವ ಎಂದು ಬರೆಯುತ್ತಾರೆ. ‘ನನಗ್ಯಾಕ, ಮಗನ ಹೆಸರಿಗೆ ಮಾಡ್ರಿ’ ಎಂದು ಅಲ್ಲಿಂದ ಹೇಳಿ ಕಳಿಸಬೇಡ. ಸೋಮವಾರ ಅಣ್ಣ ಕರೆಯಲು ಬರುತ್ತಾನೆ. ಆಧಾರ್ ಕಾರ್ಡು ತೆಗೆದುಕೊಂಡು ಹೊರಡು.