ಶ್ರುತಿಜ್ಞಾನ ಸಾಲದೆಂದ ಪ್ರವೇಶ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಈಗ ಮಧ್ಯಾಹ್ನ ಮೂರೂವರೆ. ಬೆಳಗ್ಗೆ ಹಲ್ಲಿನ ಡಾಕ್ಟರ ಮನೆಯ ಪಿಯಾನೊ ಶ್ರುತಿ ಮಾಡಿ ಬಂದೆ. ಅವರ ಮಗಳಿಗೆ ನಿಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಸೀಟು ಸಿಕ್ಕಿದೆ. ಭಾನುವಾರ ನೆಂಟರಿಷ್ಟರನ್ನು ಕರೆದಿದ್ದಾರೆ. ನನ್ನ ಮಗಳಿಗೆ ಸಿಕ್ಕಿದ್ದು ಕಾಯುವವರ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನ, ಅದರ ಜೊತೆಗೆ ನಿಮ್ಮ ಪರೀಕ್ಷಕರ ಒಂದು ಸಾಲು: ‘ಬೆರಳುಗಳಲ್ಲಿ ಪ್ರತಿಭೆಯಿದೆ, ಆದರೆ ಶ್ರುತಿಜ್ಞಾನ ಸಾಲದು.’ ನನ್ನ ತಕರಾರು ಆ ಸಾಲಿನ ಮೇಲೆ. ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಪತ್ರ ನಮಗೆ ಮುಖ್ಯ’ ಎಂಬ ಉತ್ತರ ಬಂತು, ಅದೂ ನಾನು ಕಳಿಸಿದ ನಿಮಿಷದಲ್ಲೇ. ಅಷ್ಟು ಬೇಗ ಓದುವವರು ಇನ್ನೆಲ್ಲಿದ್ದಾರೆ? ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲು ದಾಟಿದವನಲ್ಲ. ಮೂವತ್ತೊಂದು ವರ್ಷದಿಂದ ಪಿಯಾನೊ ಶ್ರುತಿ ಮಾಡುವುದೇ ಕಸುಬು. ಯಾವ ಮನೆ, ಯಾವ ತಂತಿ ಇಳಿದಿತ್ತು, ಹೊರಗೆ ಬಿಸಿಲೋ ತೇವವೋ ಎಂದು ದಿನವೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಅದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಆದರೂ ನಿಮ್ಮ ಪರೀಕ್ಷಕರಿಗೆ ಒಂದು ವಿಷಯ ಹೇಳಬೇಕು. ಹಾಡುವವರ ಶ್ರುತಿ ಅವರ ಗಂಟಲಿನಲ್ಲಿದೆ. ಪಿಟೀಲಿನವರ ಶ್ರುತಿ ಬೆರಳಿನಲ್ಲಿದೆ. ಪಿಯಾನೊ ನುಡಿಸುವವರ ಶ್ರುತಿ ಮಾತ್ರ ಅವರ ಕೈಯಲ್ಲಿಲ್ಲ. ಅದು ನನ್ನಂಥವನೊಬ್ಬ ತಂತಿ ಬಿಗಿಯುವ ಗೂಟ ತಿರುಗಿಸಿ ಬಿಟ್ಟು ಹೋದ ಜಾಗದಲ್ಲಿದೆ. ಪಿಯಾನೊ ತಪ್ಪಿದ್ದಕ್ಕೆ ನುಡಿಸಿದವಳ ಕಿವಿ ಸರಿಯಿಲ್ಲ ಎನ್ನುವುದು, ರಸ್ತೆಯ ಗುಂಡಿಗೆ ಬಸ್ಸಿನ ಡ್ರೈವರಿಗೆ ದಂಡ ಹಾಕಿದ ಹಾಗೆ. ‘ಕಿವಿಯಿದ್ದವಳು ಅಂಥ ಪಿಯಾನೊ ಮುಂದೆ ಯಾಕೆ ಕೂತಳು?’ ಎಂದು ನೀವು ಕೇಳಬಹುದು. ಕೇಳಲೇಬೇಕು. ಉತ್ತರ ನನಗೂ ಮೂರು ವಾರದ ಹಿಂದಿನವರೆಗೆ ಗೊತ್ತಿರಲಿಲ್ಲ.

ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಬರೆದರೆ ನೀವೇ ಹುಡುಕಿ ತೆಗೆದು, ‘ಅಸೂಯೆಯಿಂದ ಬರೆದ ಪತ್ರ’ ಎಂದು ಬದಿಗಿಡುತ್ತೀರಿ.

ಬೆಳಗ್ಗೆ ಬಾಗಿಲು ತೆಗೆದ ಡಾಕ್ಟರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು.

“ಬನ್ನಿ ಬನ್ನಿ! ಎಲ್ಲಾ ನಿಮ್ಮ ಕೈಗುಣ ಕಣ್ರೀ. ಅರ್ಜಿ ಜೊತೆ ಕಳಿಸೋ ರೆಕಾರ್ಡಿಂಗ್ ದಿನ ನೀವು ಬಂದು ಶ್ರುತಿ ಮಾಡಿದ್ದಕ್ಕೇ ನಮ್ಮ ಹುಡುಗಿಗೆ ಸೀಟು ಸಿಕ್ಕಿದ್ದು.”

“ಹಾಗೇನಿಲ್ಲಮ್ಮ, ಹುಡುಗಿ ಚೆನ್ನಾಗಿ ನುಡಿಸ್ತಾಳೆ,” ಅಂದೆ. ನಾಲಿಗೆ ಅಂದಿತು, ಹೊಟ್ಟೆ ಒಪ್ಪಲಿಲ್ಲ.

“ನಿಮ್ಮ ಮಗಳದ್ದೂ ಆಗುತ್ತೆ ಬಿಡಿ. ಹನ್ನೊಂದು ಅಂದ್ರೆ ಏನು ಮಹಾ? ಹತ್ತು ಜನ ಬಿಟ್ರೆ ಆಯ್ತು!”

ಆ ಹತ್ತು ಜನ ಬಿಡುವುದಿಲ್ಲ, ಮಾನ್ಯರೇ. ನಿಮ್ಮಲ್ಲಿ ಪಿಯಾನೊಗೆ ಇರುವುದೇ ಆರು ಸೀಟು.

ಒಳಗೆ ಹೋಗಿ ಪಿಯಾನೊ ಮುಚ್ಚಳ ತೆಗೆದೆ. ಕಪಾಟಿನ ಮೇಲೆ ನಿಮ್ಮ ಪ್ರವೇಶಪತ್ರವನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು. ಎರಡು ಗಂಟೆ ಅದು ನನ್ನನ್ನು ನೋಡುತ್ತಲೇ ಇತ್ತು. ಒಂದು ಗೂಟವನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಭಾನುವಾರ ನೆಂಟರೆದುರು ಒಂದು ಸ್ವರ ಒಡೆದು ಕೇಳುತ್ತದೆ, ಯಾರಿಗೆ ಗೊತ್ತಾಗಬೇಕು? ಗೂಟ ತಿರುಗಿಸುವ ಕೀಲಿಯನ್ನು ಅದರ ಮೇಲೆ ಇಟ್ಟೆ ಕೂಡ. ಆಮೇಲೆ ತೆಗೆದೆ. ಧರ್ಮಬುದ್ಧಿ ಬಂತೆಂದು ತಿಳಿಯಬೇಡಿ. ಆ ಹುಡುಗಿಗೆ ಒಳ್ಳೆಯ ಕಿವಿಯಿದೆ, ತಕ್ಷಣ ಗೊತ್ತಾಗಿಬಿಡುತ್ತಿತ್ತು. ನನ್ನನ್ನು ಇನ್ನಷ್ಟು ಸುಟ್ಟಿದ್ದೂ ಅದೇ. ದಡ್ಡಿಗೆ ಸೀಟು ಸಿಕ್ಕಿದ್ದರೆ ನಿಮ್ಮನ್ನು ಬೈದು ನೆಮ್ಮದಿಯಾಗಿರಬಹುದಿತ್ತು.

ಮನೆಗೆ ಬಂದರೆ ಅಕ್ಕ ಕಾಯುತ್ತಿದ್ದಳು. ಹೆಂಡತಿ ಹೋದಮೇಲೆ ವಾರಕ್ಕೆರಡು ದಿನ ಬಂದು ಅಡುಗೆ ಮಾಡಿಟ್ಟು, ಒಂದು ಸುತ್ತು ಬೈದು ಹೋಗುತ್ತಾಳೆ.

“ಮುಖ ಯಾಕೋ ಸುಟ್ಟ ಬದನೆಕಾಯಿ ಆಗಿದೆ?”

“ಏನಿಲ್ಲ ಅಕ್ಕ.”

“ಏನಿಲ್ವಂತೆ! ಊರವರ ಪಿಯಾನೊಗೆಲ್ಲ ವೈದ್ಯ, ಮನೇದು ಮಾತ್ರ ರೋಗಿ. ಅವರ ಮಗಳ ಮೇಲೆ ಯಾಕೆ ಉರ್ಕೋತೀಯ? ನಿನ್ನ ಕೈ ಕಟ್ಟಿ ಹಾಕಿದ್ದವರು ಯಾರು?”

ಯಾರೂ ಕಟ್ಟಿಹಾಕಿರಲಿಲ್ಲ. ನಮ್ಮ ಮನೆಯ ಪಿಯಾನೊ ಹೆಂಡತಿಯದು. ಅವಳು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಗಳಿಗೂ ಅವಳೇ ಗುರು. ನಾನು ವರ್ಷಕ್ಕೆರಡು ಸಲ ಅದನ್ನು ಶ್ರುತಿ ಮಾಡುವಾಗ ಅವಳು ಅಡುಗೆಮನೆಯಿಂದಲೇ ಹೇಳುತ್ತಿದ್ದಳು: “ಇನ್ನೂ ಮೇಲೆ... ಹಾಂ, ಅಯ್ಯೋ ದಾಟಿಬಿಟ್ರಿ... ಸಾಕು.” ಬೇರೆ ಮನೆಗಳಲ್ಲಿ ನನ್ನ ಕಿವಿಯೇ ಕೊನೆಯ ಮಾತು. ನಮ್ಮ ಮನೆಯಲ್ಲಿ ಅವಳು ‘ಸಾಕು’ ಎನ್ನದೆ ನಾನು ಕೀಲಿ ಕೆಳಗಿಟ್ಟವನಲ್ಲ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಎರಡು ಸಲ ಮುಚ್ಚಳ ತೆಗೆದು ಕೂತೆ. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ‘ಇದರ ತಂತಿ ಯಾರೂ ಮುಟ್ಟಬೇಡಿ’ ಎಂದು ಹೇಳಿ ಎದ್ದುಬಿಟ್ಟೆ.

ನಿಮ್ಮ ಅರ್ಜಿಯಲ್ಲಿ ಗುರುಗಳ ಇ-ಮೇಲ್ ವಿಳಾಸ ಕಡ್ಡಾಯ. ಆ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಮಗಳು ಅಮ್ಮನ ವಿಳಾಸವನ್ನೇ ತುಂಬಿದಳು, ಕೆಳಗಿನ ಟಿಪ್ಪಣಿಯಲ್ಲಿ ‘ಗುರುಗಳು ತೀರಿಕೊಂಡಿದ್ದಾರೆ’ ಎಂದೂ ಬರೆದಳು. ‘ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಸಮಗ್ರವಾಗಿ ಪರಿಶೀಲಿಸುವ’ ತಮ್ಮ ಕಚೇರಿ ನನ್ನ ಹೆಂಡತಿಗೆ ನಾಲ್ಕು ಜ್ಞಾಪನಪತ್ರ ಕಳಿಸಿತು. ಕೊನೆಯದರಲ್ಲಿ ‘ತಮ್ಮ ವಿಳಂಬದಿಂದ ಶಿಷ್ಯೆಗೆ ತೊಂದರೆಯಾಗಬಹುದು’ ಎಂದಿತ್ತು. ಟಿಪ್ಪಣಿಯನ್ನು ಓದಿದ್ದು ಯಾರು? ಅಥವಾ ಸಮಗ್ರ ಎಂದರೆ ಟಿಪ್ಪಣಿ ಬಿಟ್ಟು ಉಳಿದದ್ದು ಎಂದರ್ಥವೇ?

ಮೂರು ವಾರದ ಹಿಂದೆ ನಿಮ್ಮ ಫಲಿತಾಂಶ ಬಂದ ಸಂಜೆ ನಾನು ಆ ‘ಶ್ರುತಿಜ್ಞಾನ’ದ ಸಾಲನ್ನು ಓದಿ ಕೂಗಾಡಿದೆ. ಮಗಳು ಊಟದ ಮೇಜಿನ ಮೇಲಿದ್ದ ತಟ್ಟೆಗಳನ್ನು ಎತ್ತುತ್ತಿದ್ದಳು.

“ಬಿಡು ಅಪ್ಪ. ಅವರು ಕೇಳಿದ್ದು ಸರಿಯಾಗೇ ಇದೆ.”

“ಏನು ಸರಿ? ನಿನಗೆ ಕಿವಿ ಇಲ್ವಾ?”

“ಮೂರು ಸ್ವರ ಇಳಿದಿತ್ತು. ಆ ಮೂರೂ ಬರದೇ ಇರೋ ಕೃತಿ ಹುಡುಕಿದೆ. ಸಿಗಲಿಲ್ಲ. ಎರಡು ಬರದೇ ಇರೋದು ಒಂದು ಸಿಕ್ತು. ಇನ್ನೊಂದು ಸ್ವರ ಐದು ಸಲ ಬರುತ್ತೆ. ಅದನ್ನ ಮೆಲ್ಲಗೆ ಒತ್ತಿದೆ. ಕೊನೇ ಸಲ ಮೆಲ್ಲಗೆ ಒತ್ತೋಕೆ ಆಗಲ್ಲ ಅಪ್ಪ, ಅಲ್ಲಿ ಜೋರಾಗೇ ಬರಬೇಕು.”

“ನನ್ನನ್ನ ಕೇಳಬೇಕಿತ್ತು ತಾನೇ?”

“ಮುಟ್ಟಬೇಡಿ ಅಂದಿದ್ದೆ ನೀನು.”

“ಬೇರೆ ಯಾರ ಮನೇಲಾದ್ರೂ...”

“ಟ್ಯೂನರ್ ಮಗಳು ಪಕ್ಕದ ಮನೆಗೆ ಹೋಗಿ ಪಿಯಾನೊ ಕೇಳ್ಲಾ? ನಿನಗೆ ಹೇಗನ್ನಿಸ್ತಿತ್ತು?”

ನನ್ನ ಪುಸ್ತಕ ತೆಗೆದು ನೋಡಿದೆ. ಅವಳು ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡಿದ ಹೊತ್ತಿಗೆ ನಾನು ಡಾಕ್ಟರ ಮನೆಯಲ್ಲಿದ್ದೆ. ಆ ದಿನದ ಸಾಲಿನಲ್ಲಿ ಹೀಗಿದೆ: ‘ಮೋಡ. ನಡುವಿನ ಸಪ್ತಕ ಎರಡು ಸಲ ನೋಡಿದೆ. ತುಂಬ ಚೆನ್ನಾಗಿ ಕೂತಿದೆ.’

ಈಗ ಹೇಳಿ, ಮಾನ್ಯರೇ. ಪಿಯಾನೊದ ಎಂಬತ್ತೆಂಟು ಸ್ವರಗಳಲ್ಲಿ ಇಳಿದ ಮೂರನ್ನು ಗುರುತು ಹಿಡಿದು, ಅವುಗಳಿಂದ ತಪ್ಪಿಸಿಕೊಳ್ಳಲು ಕೃತಿಗಳ ರಾಶಿಯನ್ನೇ ಜಾಲಾಡಿ, ಉಳಿದ ಒಂದನ್ನು ನಾಲ್ಕು ಸಲ ನಿಮ್ಮ ಪರೀಕ್ಷಕರಿಂದಲೇ ಬಚ್ಚಿಟ್ಟ ಹುಡುಗಿಗೆ ಶ್ರುತಿಜ್ಞಾನ ಸಾಲದೇ? ನಿಮ್ಮ ಪರೀಕ್ಷಕರು ಕೇಳಿದ್ದು ಐದನೆಯ ಸಲದ್ದನ್ನು ಮಾತ್ರ. ಅವರ ಕಿವಿಗೆ ನಾನು ಎಷ್ಟು ಅಂಕ ಕೊಡಲಿ?

ಡಾಕ್ಟರ ಮಗಳ ಸೀಟು ಕಿತ್ತು ಕೊಡಿ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ಮನಸ್ಸು ಹೇಳುತ್ತಿದೆ, ಆದರೂ ಕೇಳುವುದಿಲ್ಲ. ತಪ್ಪು ನನ್ನದು, ಅದನ್ನು ನನ್ನ ಮಗಳ ಹೆಸರಿನ ಮುಂದೆ ಬರೆಯಬೇಡಿ. ಆ ಸಾಲನ್ನು ಹೊಡೆದುಹಾಕಿ. ಕಾಯುವವರ ಪಟ್ಟಿ ತಿಂಗಳ ಕೊನೆಗೆ ಮುಚ್ಚುವ ಮೊದಲು ಅವಳನ್ನು ಕರೆದು, ನಿಮ್ಮ ಸಭಾಂಗಣದ ಪಿಯಾನೊ ಮುಂದೆ ಹನ್ನೆರಡು ನಿಮಿಷ ಕೂರಿಸಿ ಕೇಳಿ. ಬೇಕಾದ ಕೃತಿ ನೀವೇ ಆರಿಸಿ. ಆಮೇಲೂ ಬೇಡವೆನಿಸಿದರೆ ಬೇಡ ಎನ್ನಿ. ಆಗ ಅದು ಅವಳನ್ನು ಕೇಳಿ ಹೇಳಿದ ಮಾತಾಗಿರುತ್ತದೆ.

ಮಗಳು ಕಾಯುವುದನ್ನು ನಿಲ್ಲಿಸಿದ್ದಾಳೆ. ನಾಳೆ ಬೆಳಗ್ಗೆ ಎಂಟಕ್ಕೆ ಒಂದು ಶಾಲೆಯಲ್ಲಿ ಎರಡು ಪಿಯಾನೊ ಶ್ರುತಿ ಮಾಡುವುದಿದೆ. ಕೆಲಸ ಕಲಿಯಲು ಅವಳೂ ನನ್ನ ಜೊತೆ ಬರುತ್ತಾಳೆ.

ಇಂತಿ,
ಊರೆಲ್ಲ ಶ್ರುತಿ ಮಾಡಿ ಒಂದು ಮನೆ ಬಿಟ್ಟ,
ಹನ್ನೊಂದನೆಯವಳ ಅಪ್ಪ